ಮನೆಯಲ್ಲೇ ಕಲಿಯುವ ಮಕ್ಕಳ ದಾಖಲೆ: ಆಗುಂಬೆ ರಸ್ತೆಯ ಒಂದು ಮನೆಯ ಪ್ರಕರಣ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಅಡಿಕೆ ತೋಟದ ಮನೆ ಇದು. ಮಗಳಿಗೆ 12 ವರ್ಷ, ಮಗನಿಗೆ 8. ಅಪ್ಪ ಅಮ್ಮ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದವರು. ಮಗಳು ಮೂರನೇ ಕ್ಲಾಸಿನವರೆಗೆ ಬೆಂಗಳೂರಿನ ಶಾಲೆಯಲ್ಲಿ ಓದಿದ್ದಳು. ಮಗ ಶಾಲೆಯ ಮುಖ ನೋಡಿರಲಿಲ್ಲ. ಅಮ್ಮ ಪಾಠ ನೋಡಿಕೊಳ್ಳುತ್ತಾರೆ, ಅಪ್ಪ ಮತ್ತು ಅಜ್ಜ ತೋಟ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಉಳಿದದ್ದನ್ನೆಲ್ಲ ಬರೆಯಿರಿ, ಬೇರೆಯವರಿಗೆ ಅನುಕೂಲ ಆಗಲಿ ಎಂದರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಈ ಮನೆಯವರು ನನ್ನನ್ನು ಕರೆದದ್ದು ಗಣಿತಕ್ಕಲ್ಲ. ಅಮ್ಮ ಕೇಳಿದ ಪ್ರಶ್ನೆ ಹೀಗಿತ್ತು: "ಮೇಷ್ಟ್ರೇ, ನಾವು ಕಲಿಸಿದ್ದೀವಿ ಅಂತ ನಾಳೆ ಯಾರಾದ್ರೂ ಕೇಳಿದ್ರೆ ಏನು ತೋರಿಸ್ಲಿ?" ಆ ಹೊತ್ತಿಗೆ ಅವರು ನಾಲ್ಕು ವಿಧಾನ ಹಿಡಿದು ಬಿಟ್ಟಾಗಿತ್ತು. ಒಂದೊಂದೂ ಯಾಕೆ ನಿಲ್ಲಲಿಲ್ಲ ಅನ್ನುವುದರಲ್ಲೇ ಉತ್ತರ ಇದ್ದದ್ದರಿಂದ ಮೊದಲು ಅದನ್ನು ಹೇಳುತ್ತೇನೆ.

ಹಿಡಿದು ಬಿಟ್ಟ ವಿಧಾನಗಳು

ಮೊದಲನೆಯದು ಮೊಬೈಲಿನ ಒಂದು ಆ್ಯಪ್. ಹೋಮ್‌ಸ್ಕೂಲ್ ಮಾಡುವವರಿಗೆ ಅಂತಲೇ ಮಾಡಿದ್ದು. ದಿನಾ ತೆರೆದು ಯಾವ ವಿಷಯ, ಎಷ್ಟು ನಿಮಿಷ ಅಂತ ತುಂಬಬೇಕು. ತಿಂಗಳ ಕೊನೆಗೆ ಚೆಂದದ ಪಟ್ಟಿ ಬರುತ್ತದೆ. ಅಮ್ಮನಿಗೆ ಒಳಗೊಳಗೇ ಕಿರಿಕಿರಿ. ಮಗಳು ಬೆಳಿಗ್ಗೆಯಿಡೀ ಕಾಳುಮೆಣಸು ಬಿಡಿಸುತ್ತಾ ಅಜ್ಜನ ಹತ್ತಿರ ತೂಕದ ಲೆಕ್ಕ ಕಲಿತರೆ ಅದನ್ನು ಯಾವ ಖಾನೆಯಲ್ಲಿ ಹಾಕುವುದು? ಎಷ್ಟು ನಿಮಿಷ ಅನ್ನುವುದು?

ಈ ನಿಮಿಷದ ಲೆಕ್ಕ ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಇಂಥ ಆ್ಯಪ್‌ಗಳು ಹೆಚ್ಚಾಗಿ ಅಮೆರಿಕದ ಪೋಷಕರಿಗಾಗಿ ಮಾಡಿದವು. ಅಲ್ಲಿ ಒಂದೊಂದು ರಾಜ್ಯದ ಕಾನೂನು ಒಂದೊಂದು ಥರ. ಮಿಸೌರಿಯಲ್ಲಿ ಮನೆಯಲ್ಲಿ ಕಲಿಸುವವರು ವರ್ಷಕ್ಕೆ 1000 ಗಂಟೆ ಪಾಠ ಮಾಡಿರಬೇಕು, ಅದರಲ್ಲಿ 600 ಗಂಟೆ ಮುಖ್ಯ ವಿಷಯಗಳಿಗೆ. ಪೆನ್ಸಿಲ್ವೇನಿಯಾದಲ್ಲಿ ಮಗುವಿನ ಕೆಲಸಗಳನ್ನೆಲ್ಲ ಜೋಡಿಸಿಟ್ಟು ವರ್ಷಕ್ಕೊಮ್ಮೆ ಒಬ್ಬ ಮೌಲ್ಯಮಾಪಕರಿಗೆ ತೋರಿಸಬೇಕು. ಅವರಿಗೆ ಗಂಟೆ ಎಣಿಸುವುದು ಅನಿವಾರ್ಯ. ನಮಗೆ ಅಂಥ ನಿಯಮವೇ ಇಲ್ಲ. ಅವರ ಕಾನೂನಿನ ಖಾನೆಗಳನ್ನು ತೀರ್ಥಹಳ್ಳಿಯ ಅಮ್ಮ ಯಾಕೆ ತುಂಬಬೇಕು?

ಎರಡನೆಯದು ಗೂಗಲ್ ಶೀಟ್. ಅಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದವರು, ಶೀಟು ಅವರ ಕೈಯಲ್ಲಿ ಸಲೀಸು. ಬೇಸಿಗೆಯಲ್ಲಿ ಚೆನ್ನಾಗಿ ನಡೆಯಿತು. ಜೂನ್ ಬಂತು. ಮರ ಬಿದ್ದು ಲೈನ್ ಕಡಿದರೆ ಇಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಹೋಯಿತು. ಕರೆಂಟ್ ಬಂದ ದಿನ ಒಂದು ವಾರದ್ದನ್ನು ಒಟ್ಟಿಗೆ ನೆನಪು ಮಾಡಿಕೊಂಡು ತುಂಬುವುದು ಶುರುವಾಯಿತು. ಮಂಗಳವಾರ ಏನು ಮಾಡಿದೆವು ಅಂತ ಭಾನುವಾರ ಯಾರಿಗೆ ನೆನಪಿರುತ್ತದೆ? "ಕೊನೆಗೆ ಕಲ್ಪನೆ ಬರೀತಿದ್ದೆ" ಅಂತ ಅವರೇ ಹೇಳಿದರು. ಹಾಗೆ ಬರೆದದ್ದನ್ನು ಇಟ್ಟುಕೊಳ್ಳುವುದಕ್ಕಿಂತ ಖಾಲಿ ಬಿಡುವುದು ವಾಸಿ.

ಮೂರನೆಯದು ಎಲ್ಲವನ್ನೂ ಎತ್ತಿಡುವುದು. ಚಿತ್ರ, ಲೆಕ್ಕದ ಹಾಳೆ, ಒತ್ತಿದ ಎಲೆ, ಎಲ್ಲ ಒಂದು ರಟ್ಟಿನ ಪೆಟ್ಟಿಗೆಗೆ. ಒಂದು ಮಳೆಗಾಲ ಕಳೆದು ತೆಗೆದರೆ ಹಾಳೆಗಳು ಒಂದಕ್ಕೊಂದು ಅಂಟಿ, ಮೇಲೆ ಬಿಳಿ ಬೂಷ್ಟು. ಸ್ಕೆಚ್ ಪೆನ್ನಿನ ಚಿತ್ರಗಳು ಬಣ್ಣ ಬಿಟ್ಟು ಕಲಸಿಹೋಗಿದ್ದವು. ಮಗಳು ಅತ್ತಳಂತೆ.

ನಾಲ್ಕನೆಯದು ಫೋಟೊ. ತಾವೊಬ್ಬರೇ ಇರುವ ವಾಟ್ಸಾಪ್ ಗುಂಪಿಗೆ ಎಲ್ಲ ಕಳಿಸಿಕೊಳ್ಳುವುದು. ಸುಲಭ, ಅರ್ಧ ನಿಮಿಷದ ಕೆಲಸ. ಬೇಕಾದಾಗ ಹುಡುಕುವುದು ಮಾತ್ರ ಆಗದ ಮಾತು. ಅಡಿಕೆ ರೇಟು, ಗ್ಯಾಸ್ ಬುಕಿಂಗು, ಮಗನ ಮಗ್ಗಿ ಎಲ್ಲ ಒಂದೇ ಕಡೆ. ಜೊತೆಗೆ ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ವಾಟ್ಸಾಪ್ ಕುಗ್ಗಿಸಿಬಿಡುತ್ತದೆ. ಪೆನ್ಸಿಲಿನಲ್ಲಿ ಬರೆದ ಹಾಳೆ ಓದಲಾಗದಷ್ಟು ಮಸುಕು.

ಯಾರು ಓದುತ್ತಾರೆ?

ನಾನು ಹೋದ ದಿನ ಯಾವ ವಿಧಾನ ಒಳ್ಳೆಯದು ಅಂತ ಹೇಳಲಿಲ್ಲ. ಈ ದಾಖಲೆಯನ್ನು ಯಾರು ಓದುತ್ತಾರೆ ಅಂತ ಕೇಳಿದೆ. ನನಗೆ ಇದೇ ಮೂಲ ಪ್ರಶ್ನೆ. ಓದುವವರು ಯಾರು ಅಂತ ಗೊತ್ತಾಗದೆ ಬರೆದರೆ ಎಲ್ಲರನ್ನೂ ಒಪ್ಪಿಸಲು ಹೋಗಿ ಸುಸ್ತಾಗುತ್ತೇವೆ.

ಅಮ್ಮ ಮೊದಲು ಹೇಳಿದ್ದು "ಸರ್ಕಾರ" ಅಂತ. ಸರಿ, ಸರ್ಕಾರ ಏನು ಕೇಳುತ್ತದೆ ನೋಡೋಣ ಅಂತ ಕೂತೆವು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಅದರ 10ನೇ ಸೆಕ್ಷನ್ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದ ಪೋಷಕರಿಗೆ ದಂಡ, ಶಿಕ್ಷೆ ಎಂಬುದು ಆ ಕಾಯ್ದೆಯಲ್ಲಿ ಇಲ್ಲ. ಹೋಮ್‌ಸ್ಕೂಲಿಂಗ್ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಆದ್ದರಿಂದ ಇಂಥದ್ದೇ ದಾಖಲೆ ಇಡಿ ಅನ್ನುವ ನಮೂನೆಯೂ ಇಲ್ಲ. ಇದನ್ನು ಮನೆಯವರಿಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಕಾಯ್ದೆ ಮೌನವಾಗಿರುವ ಕಡೆ ನಾವು ನಡೆಯುತ್ತಿದ್ದೇವೆ, ಅಷ್ಟೇ.

ಮುಂದಿನದು ಪರೀಕ್ಷೆ. ಮಗಳಿಗೆ ಎನ್‌ಐಓಎಸ್ ಮೂಲಕ ಹತ್ತನೇ ತರಗತಿ ಮಾಡಿಸುವ ಯೋಚನೆ ಇತ್ತು. ಶಾಲೆಗೆ ಹೋಗದೆಯೇ ಓದಿ ಪರೀಕ್ಷೆ ಬರೆಯಲು 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಎಂದು ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಸೆಕೆಂಡರಿ, ಅಂದರೆ ಹತ್ತನೇ ತರಗತಿಯ ಕೋರ್ಸಿಗೆ ಸೇರಲು 14 ವರ್ಷ ತುಂಬಿರಬೇಕು. ಎಂಟನೇ ತರಗತಿ ಪಾಸಾದ ಪತ್ರ ಇಲ್ಲದವರು ಏನು ಕೊಡಬೇಕು ಗೊತ್ತಾ? ಈ ಕೋರ್ಸ್ ಓದಲು ಬೇಕಾದಷ್ಟು ನಾನು ಕಲಿತಿದ್ದೇನೆ ಎಂದು ತಾನೇ ಬರೆದುಕೊಡುವ ಸ್ವಯಂ ದೃಢೀಕರಣ. ಅಷ್ಟು ಸಾಕು. ಇದನ್ನು ಕೇಳಿ ಅಮ್ಮ ಒಂದು ನಿಮಿಷ ಸುಮ್ಮನಾದರು. ಗಂಟೆ ಎಣಿಸಿದ್ದೆಲ್ಲ ಯಾರಿಗಾಗಿ ಅಂತ ಅವರಿಗೇ ಅನಿಸಿರಬೇಕು.

ಎನ್‌ಐಓಎಸ್ ನೋಡುವುದು ಬೇರೆ ಕಾಗದ: ಹುಟ್ಟಿದ ದಿನಾಂಕದ ಪುರಾವೆ, ಗುರುತಿನ ಚೀಟಿ, ಫೋಟೊ, ವಿಳಾಸ. ನಮ್ಮ ಕಡೆ ತೊಡಕು ಬರುವುದು ಹೆಸರಿನಲ್ಲಿ. ಈ ಹುಡುಗಿಯ ಜನನ ಪ್ರಮಾಣ ಪತ್ರದಲ್ಲಿ ಬರೀ ಹೆಸರು. ಆಧಾರ್‌ನಲ್ಲಿ ಮುಂದೆ ಎರಡು ಇನಿಷಿಯಲ್. ಹಳೇ ಶಾಲೆಯ ಟಿಸಿಯಲ್ಲಿ ಕೊನೆಗೆ ಅಪ್ಪನ ಹೆಸರು, ಅದೂ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಹೆಚ್ಚು. ಪಾಠದ ದಾಖಲೆಗಿಂತ ಮೊದಲು ಇದನ್ನು ಸರಿಮಾಡಿಸಿ ಅಂತ ಒತ್ತಿ ಹೇಳಿದೆ. 14 ತುಂಬಿದ ವರ್ಷ ಅರ್ಜಿ ಹಾಕಲು ಹೋಗಿ ಅಲ್ಲಿ ಸಿಕ್ಕಿಕೊಂಡರೆ ಒಂದು ಸರದಿಯೇ ಕೈತಪ್ಪಬಹುದು. ಅಪ್ಪ ತಾಲೂಕು ಆಫೀಸು, ಆಧಾರ್ ಕೇಂದ್ರ ಅಂತ ಓಡಾಡಿ ಮೂರರಲ್ಲೂ ಒಂದೇ ಹೆಸರು ಮಾಡಿಸಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರದ ಕೆಲಸ ಇದೇ, ಅತ್ಯಂತ ಮುಖ್ಯವಾದದ್ದೂ ಇದೇ.

ಹಾಗಾದರೆ ಕಲಿಕೆಯ ದಾಖಲೆ ಯಾರಿಗೆ? ಮುಂದಿನ ವಾರ ಏನು ಕಲಿಸಬೇಕು ಅಂತ ತಿಳಿಯಬೇಕಾದ ಅಮ್ಮನಿಗೆ. ತಾನು ಎಲ್ಲಿದ್ದೇನೆ ಅಂತ ನೋಡಿಕೊಳ್ಳಬೇಕಾದ ಮಗಳಿಗೆ. ಮಗ ಮುಂದೆಂದಾದರೂ ಶಾಲೆಗೆ ಹೋಗುತ್ತೇನೆ ಅಂದರೆ ಅಲ್ಲಿನ ಟೀಚರಿಗೆ. ಮತ್ತೆ, ಇದನ್ನು ಅಮ್ಮ ತಗ್ಗಿದ ದನಿಯಲ್ಲಿ ಹೇಳಿದರು, ಅಜ್ಜನಿಗೆ. ಮೊಮ್ಮಕ್ಕಳು ಶಾಲೆಗೆ ಹೋಗದ್ದು ಅಜ್ಜನಿಗೆ ಒಪ್ಪಿಗೆ ಇರಲಿಲ್ಲ. ಜಗಳ ಆಡುವವರಲ್ಲ, ಆದರೆ ಊಟಕ್ಕೆ ಕೂತಾಗ "ಇವತ್ತು ಏನು ಕಲಿಸ್ದೆ ಮಾರಾಯ್ತಿ?" ಅಂತ ಕೇಳುತ್ತಿದ್ದರು. ದಿನಾ ಅದಕ್ಕೆ ಉತ್ತರ ಕೊಡುವುದೇ ಸೊಸೆಗೆ ಭಾರ.

ಅಜ್ಜ ಹೇಳಿದ ಲೆಕ್ಕ

ದಾರಿ ತೋರಿಸಿದ್ದು ಆ ಅಜ್ಜನೇ. ಅವರ ಹತ್ತಿರ ಉದ್ದನೆಯ ರಿಜಿಸ್ಟರ್ ಪುಸ್ತಕಗಳಿವೆ, ತೋಟದ್ದು. ಗೊಬ್ಬರ ಹಾಕಿದ್ದು, ಆಳಿನ ಕೂಲಿ, ಅಡಿಕೆ ಕೊನೆ (ಗೊನೆ) ಎಷ್ಟು ಬಂತು, ಅದರಲ್ಲಿ ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಅಂತ ಒಂದೊಂದು ದರ್ಜೆಯ ಅಡಿಕೆ ಎಷ್ಟು. ಸೊಸೆಯ ಹಳೇ ಶೀಟಿನ ಪ್ರಿಂಟನ್ನು ತಿರುವಿ ನೋಡಿ ಅವರು ಅಂದದ್ದು: "ಹಾಕಿದ್ದು ಮಾತ್ರ ಬರ್ದಿದೀಯ. ಬಂದದ್ದು ಎಲ್ಲಿ?"

ಆಮೇಲೆ ಶಿವಪ್ಪ ನಾಯಕನ ಶಿಸ್ತಿನ, ಅಂದರೆ ಅವನು ಮಾಡಿದ ಕಂದಾಯ ಪದ್ಧತಿಯ ಮಾತು ತೆಗೆದರು. ನಮ್ಮ ಕಡೆ ಹಳಬರಿಗೆಲ್ಲ ಗೊತ್ತಿರುವುದೇ. ಕೆಳದಿಯ ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದವನು. ಕಂದಾಯ ನಿಗದಿ ಮಾಡುವ ಮೊದಲು ಪ್ರತಿ ಊರಿನಲ್ಲೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ತನ್ನ ಖರ್ಚಿನಲ್ಲಿ 12 ವರ್ಷ ಬೆಳೆಸಿದ. ಬಿತ್ತಿದ ಬೀಜ, ಆದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು, ಆಮೇಲೆ ಕಂದಾಯ ಗೊತ್ತು ಮಾಡಿದ ಎಂದು ಗೆಜೆಟಿಯರ್‌ನಲ್ಲಿ ದಾಖಲಾಗಿದೆ. ಬೀಜದ ಲೆಕ್ಕ ಒಂದನ್ನೇ ಇಟ್ಟಿದ್ದರೆ ಆ ಶಿಸ್ತು ಆಗುತ್ತಿರಲಿಲ್ಲ. "ಗಣಿತ 45 ನಿಮಿಷ" ಅನ್ನುವುದು ಬರೀ ಬೀಜದ ಲೆಕ್ಕ. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಸುಲಭವಾಯಿತು. ಅಜ್ಜನ ಥರದ್ದೇ ಗಟ್ಟಿ ರಟ್ಟಿನ ರಿಜಿಸ್ಟರ್, ಮಕ್ಕಳಿಗೆ ಒಂದೊಂದು. ದಿನಕ್ಕೆ ಮೂರೇ ಸಾಲು: ಮಾಡಿದ್ದು, ತಡವರಿಸಿದ್ದು, ಮುಂದೆ. ಸಮಯ ಬರೆಯುವುದು ಬೇಡ. ವಿಷಯದ ಹೆಸರೂ ಬೇಡ. ಏನೂ ನಡೆಯದ ದಿನ "ಇಲ್ಲ" ಅಂತ ಬರೆಯುವುದು. ಕೊನೆಕೊಯ್ಲಿನ ದಿನಗಳಲ್ಲಿ ಮನೆಯೆಲ್ಲ ಅಡಿಕೆ ಸುಲಿಯುವಾಗ ಒಂದೇ ಸಾಲಾದರೂ ಸಾಕು. ಲಾಟೀನು ಬೆಳಕಿನಲ್ಲೂ ಬರೆಯಬಹುದು, ನೆಟ್‌ವರ್ಕ್ ಬೇಡ.

ಒಂದು ಪುಟ ತೋರಿಸುತ್ತೇನೆ. ಮೇ ತಿಂಗಳ ಕೊನೆ, ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ, ಬೋರ್ಡೋ ದ್ರಾವಣ ಹೊಡೆಯುವ ಸಮಯ. ಮಗಳ ಪುಸ್ತಕದಲ್ಲಿ ಅಮ್ಮ ಬರೆದದ್ದು:

"ಮಾಡಿದ್ದು: ಬೋರ್ಡೋ ಕಲಸುವಾಗ ಜೊತೆಗಿದ್ದಳು. 100 ಲೀಟರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. 200 ಲೀಟರ್ ಡ್ರಮ್ಮಿಗೆ ಎಷ್ಟು ಅಂದರೆ ತಕ್ಷಣ ಹೇಳಿದಳು. ಕತ್ತಿ ಅದ್ದಿದಾಗ ತಾಮ್ರದ ಬಣ್ಣ ಬಂತು. ಸುಣ್ಣ ಸಾಲದು ಎಂದರು ಮಾವ.

ತಡವರಿಸಿದ್ದು: 150 ಲೀಟರ್ ಅಂದಾಗ ನಿಂತಳು. ಶೇಕಡಾ ಒಂದು ಅಂದರೇನು ಅಂತ ಇನ್ನೂ ಗಟ್ಟಿಯಾಗಿಲ್ಲ.

ಮುಂದೆ: ಕತ್ತಿಗೆ ಯಾಕೆ ತಾಮ್ರ ಅಂಟಿತು ಅಂತ ಕೇಳಿದಳು. ನನಗೂ ಗೊತ್ತಿಲ್ಲ. ಹುಡುಕಬೇಕು."

ಎರಡು ದಿನ ಬಿಟ್ಟು ಇನ್ನೊಂದು ನಮೂದು. ಕಬ್ಬಿಣವು ತಾಮ್ರಕ್ಕಿಂತ ಚುರುಕಾದ ಲೋಹ, ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಸುಣ್ಣ ಸಾಕಷ್ಟು ಬಿದ್ದರೆ ತಾಮ್ರ ಕರಗಿದ ರೂಪದಲ್ಲಿ ಉಳಿಯುವುದಿಲ್ಲ, ಆದ್ದರಿಂದ ಕತ್ತಿಗೆ ಅಂಟುವುದಿಲ್ಲ ಅಂತ ಮಗಳು ತಾನೇ ಓದಿ ಹೇಳಿದ್ದು. ಹತ್ತನೇ ತರಗತಿಯ ರಸಾಯನಶಾಸ್ತ್ರದಲ್ಲಿ ನಾವು ಇದನ್ನು ಸ್ಥಾನಪಲ್ಲಟ ಕ್ರಿಯೆ ಅಂತ ಹೇಳಿಕೊಡುತ್ತೇವೆ. ಹಳೇ ಶೀಟಿನಲ್ಲಿ ಇದೇ ದಿನ ಬಂದಿದ್ದರೆ "ವಿಜ್ಞಾನ 40 ನಿಮಿಷ" ಅಂತ ಇರುತ್ತಿತ್ತು. ಇಲ್ಲವೇ "ರಜೆ, ತೋಟದ ಕೆಲಸ" ಅಂತ.

ಮಾದರಿಗಳು, ಮಳೆ, ಬೂಷ್ಟು

ಬರಹ ಒಂದೇ ಸಾಲದು. ಮಗುವಿನ ಕೈಯ ಕೆಲಸವೂ ಬೇಕು. ನಮ್ಮ ಶಾಲೆಗಳಲ್ಲಿ ಕೃತಿ ಸಂಪುಟ ಅನ್ನುತ್ತೇವಲ್ಲ, ಅದೇ. ಆದರೆ ಎಲ್ಲವನ್ನೂ ಇಡುವುದು ಯಾರಿಗೂ ಉಪಯೋಗವಿಲ್ಲ. ತಿಂಗಳ ಕೊನೆಗೆ ಮಗುವೇ ಕೂತು ಆರಿಸಬೇಕು: ಇಷ್ಟವಾದದ್ದು ಒಂದು, ಕಷ್ಟಪಟ್ಟು ಮಾಡಿದ್ದು ಒಂದು, ತಪ್ಪಾದದ್ದು ಒಂದು. ಆ ತಪ್ಪಾದದ್ದನ್ನು ಸೇರಿಸಲು ಅಮ್ಮ ಮೊದಲು ಒಪ್ಪಲಿಲ್ಲ. "ಅದನ್ನ ಯಾರಿಗಾದ್ರೂ ತೋರ್ಸೋಕಾಗತ್ತಾ ಮೇಷ್ಟ್ರೇ?" ನಾನು ಪಟ್ಟು ಬಿಡಲಿಲ್ಲ. ಎಲ್ಲ ಸರಿಯಿರುವ ಕಡತ ಟೀಚರಿಗೆ ಏನೂ ಹೇಳುವುದಿಲ್ಲ. ಎಲ್ಲಿ ತಪ್ಪಿದೆ ಅಂತ ಕಂಡರೆ ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಾಗುತ್ತದೆ.

ಆರಿಸಿದ್ದರ ಫೋಟೊ ತೆಗೆಯುತ್ತಾರೆ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಮಗುವಿನ ಹೆಸರು. ಹಾಗೆ ಇಟ್ಟರೆ ಕಂಪ್ಯೂಟರೇ ಸಾಲಾಗಿ ಜೋಡಿಸುತ್ತದೆ. ಕಳಿಸುವುದಿದ್ದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತಾರೆ, ಆಗ ಫೋಟೊ ಕುಗ್ಗುವುದಿಲ್ಲ. ಪೇಟೆಗೆ ಹೋದಾಗ ತೀರ್ಥಹಳ್ಳಿಯಲ್ಲಿರುವ ಅತ್ತೆಯ ಮನೆಯ ಕಂಪ್ಯೂಟರಿಗೂ ಒಂದು ಪ್ರತಿ.

ಕಾಗದ ಕಾಪಾಡುವುದು ಮಲೆನಾಡಿನಲ್ಲಿ ಬೇರೆಯೇ ವಿದ್ಯೆ. ಬಾಲ್ ಪೆನ್ ಇಲ್ಲವೇ ಪೆನ್ಸಿಲ್ ಮಾತ್ರ. ಪೆನ್ಸಿಲ್ ಗುರುತು ತೇವಕ್ಕೆ ಹರಡುವುದಿಲ್ಲ, ಬಣ್ಣ ಮಾಸುವುದಿಲ್ಲ. ಜೆಲ್ ಪೆನ್, ಸ್ಕೆಚ್ ಪೆನ್, ಇಂಕ್‌ಜೆಟ್ ಪ್ರಿಂಟ್ ತೇವ ತಾಗಿದರೆ ಹೆಚ್ಚಾಗಿ ಕಲಸುತ್ತವೆ. ಪ್ರಿಂಟ್ ಬೇಕಿದ್ದರೆ ಲೇಸರ್. ಜನ ಮಾಡುವ ದೊಡ್ಡ ಎಡವಟ್ಟು ಅಂದರೆ ಜುಲೈಯಲ್ಲಿ ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚುವುದು. ಒಳಗೆ ಸೇರಿದ ತೇವ ಹೊರಗೆ ಹೋಗದೆ ಅಲ್ಲೇ ಬೂಷ್ಟು ಕಟ್ಟುತ್ತದೆ. ಈ ಮನೆಯಲ್ಲಿ ಈಗ ಏಪ್ರಿಲ್‌ನ ಒಣ ಹವೆಯಲ್ಲಿ ವರ್ಷದ ಹಾಳೆಗಳನ್ನು ಹರಡಿ, ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಡಬ್ಬಿ ಇರುವುದು ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಬಿಸಿ ತಾಗುವ ಕಡೆ. ಅಜ್ಜನ ಹಳೇ ಪುಸ್ತಕಗಳೂ ಅಲ್ಲೇ ಉಳಿದು ಬಂದವು. ಜನನ ಪ್ರಮಾಣ ಪತ್ರದಂಥ ಮೂಲ ಪ್ರತಿಗಳನ್ನು ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿಸಿದರೆ ಹಾಳಾಗದಂತೆ ಬಿಡಿಸಲು ಬರುವುದಿಲ್ಲ.

ಎರಡು ಮಕ್ಕಳು, ಎರಡು ದಾರಿ

ಮಗ ಈ ಜೂನ್‌ನಲ್ಲಿ ಶಾಲೆಗೆ ಹೋಗುತ್ತೇನೆ ಅಂದ. ಪಕ್ಕದ ಮನೆಯ ಹುಡುಗರೆಲ್ಲ ಹೋಗುತ್ತಾರೆ, ಆಟಕ್ಕೆ ಜನ ಬೇಕು. ಅಮ್ಮನಿಗೆ ಸ್ವಲ್ಪ ಬೇಸರವಾಯಿತು. ಕಳಿಸಿ ಅಂದೆ. ಶಾಲೆಗೆ ಹೋಗದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಅಂತ ಆರ್‌ಟಿಇಯ 4ನೇ ಸೆಕ್ಷನ್ ಇದೆ. ಜೊತೆಯವರನ್ನು ಸರಿಗಟ್ಟಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಅದೇ ಸೆಕ್ಷನ್ನಿನಲ್ಲಿದೆ. ಒಂದನೇ ತರಗತಿಯಿಂದ ಶುರು ಮಾಡಬೇಕಾಗುತ್ತದೇನೋ ಎಂಬ ಭಯ ಬೇಡ. ಮೂರನೇ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿದ ಪದ್ಧತಿ ಅದು. ಅಲ್ಲಿ ಒಂದೊಂದು ಮಗು ಒಂದೊಂದು ಮೆಟ್ಟಿಲಿನಲ್ಲಿ ಇರುತ್ತದೆ. ಆದ್ದರಿಂದ ಟೀಚರಿಗೆ ಬೇಕಾದದ್ದು ಇವನು ಯಾವ ಮೆಟ್ಟಿಲಲ್ಲಿದ್ದಾನೆ ಅನ್ನುವುದು.

ರಿಜಿಸ್ಟರಿನಿಂದ ಅಮ್ಮ ಒಂದು ಪುಟದ ಸಾರ ತೆಗೆದರು. ಕನ್ನಡ ಸರಾಗ ಓದುತ್ತಾನೆ, ಒತ್ತಕ್ಷರ ಬರೆಯುವಾಗ ಬಿಡುತ್ತಾನೆ. ಎರಡಂಕಿ ಕೂಡುವುದು ಬರುತ್ತದೆ, ದಶಕ ತೆಗೆದುಕೊಂಡು ಕಳೆಯುವಾಗ ತಪ್ಪುತ್ತಾನೆ. ಹಕ್ಕಿಗಳ ಹೆಸರು ಬಹಳ ಗೊತ್ತು. ಜೊತೆಗೆ ಅವನೇ ಆರಿಸಿದ ಕೆಲವು ಹಾಳೆ. ಟೀಚರ್ ಆ ಪುಟ ಓದಿ, ಅವನ ಕೈಗೆ ಒಂದು ಪುಸ್ತಕ ಕೊಟ್ಟು ಓದಿಸಿ, ಅದೇ ದಿನ ಕೂರಿಸಿಕೊಂಡರು. ಪೂರ್ತಿ ರಿಜಿಸ್ಟರನ್ನು ತೋರಿಸುವ ಪ್ರಮೇಯ ಬರಲಿಲ್ಲ.

ಮಗಳ ಪುಸ್ತಕ ಬೇರೆ ಕೆಲಸ ಮಾಡಿತು. ವರ್ಷದ ಕೊನೆಗೆ ಬರೀ "ತಡವರಿಸಿದ್ದು" ಸಾಲುಗಳನ್ನು ಓದುತ್ತಾ ಹೋದೆವು. ಮೇ ತಿಂಗಳ ಬೋರ್ಡೋ, ಜುಲೈಯಲ್ಲಿ ಮಳೆಯ ಸರಾಸರಿ, ದಸರಾ ಹೊತ್ತಿಗೆ ಕಜ್ಜಾಯದ ಪಾಕದ ಅಳತೆ, ಜನವರಿಯಲ್ಲಿ ಅಡಿಕೆ ಒಣಗಿದ ಮೇಲೆ ಉಳಿಯುವ ತೂಕ. ಎಲ್ಲ ಕಡೆ ಅವಳು ನಿಂತದ್ದು ಒಂದೇ ಜಾಗದಲ್ಲಿ, ಭಿನ್ನರಾಶಿ ಮತ್ತು ಅನುಪಾತ. ದಿನದಿನ ನೋಡಿದಾಗ ಅಮ್ಮನಿಗೆ ಇದು ಕಂಡಿರಲಿಲ್ಲ, ಯಾಕೆಂದರೆ ಒಂದೊಂದು ಸಲ ಒಂದೊಂದು ವೇಷದಲ್ಲಿ ಬಂದಿತ್ತು. ಈಗ ವಾರಕ್ಕೊಂದು ಸಂಜೆ ಅವಳು ನನ್ನ ಹತ್ತಿರ ಬರುತ್ತಾಳೆ. ಹಸಿ ಅಡಿಕೆ ರಾಶಿಯನ್ನು ಪಾಲು ಮಾಡುವುದರಿಂದ ಶುರು ಮಾಡಿದ್ದೇವೆ.

ಅಜ್ಜನ ಪ್ರಶ್ನೆ ನಿಂತಿದೆ. ಊಟಕ್ಕೆ ಮೊದಲು ಕನ್ನಡಕ ಹಾಕಿಕೊಂಡು ಆ ದಿನದ ಮೂರು ಸಾಲು ತಾವೇ ಓದುತ್ತಾರೆ. ಕೆಲವು ಸಲ ಕೆಳಗೆ ತಮ್ಮದೂ ಒಂದು ಸಾಲು ಸೇರಿಸುತ್ತಾರೆ.

ಬೆಂಗಳೂರಿನಲ್ಲಿ, ಸದಾ ಕರೆಂಟು ನೆಟ್‌ವರ್ಕು ಇರುವ ಮನೆಯಲ್ಲಿ ಗೂಗಲ್ ಶೀಟೇ ಹೊಂದಬಹುದು. ಅಲ್ಲೂ ಖಾನೆಗಳು ಇವೇ ಇರಲಿ ಅಂತ ನನ್ನ ಅಭಿಪ್ರಾಯ. ಪುಸ್ತಕವೋ ಶೀಟೋ ಅನ್ನುವುದು ಎರಡನೇ ಮಾತು.

ಈಗ ಒಂದು ಹೊಸ ವಿಷಯ ಎದ್ದಿದೆ. ತಡವರಿಸಿದ್ದನ್ನು ಅಮ್ಮ ಬರೆಯುವುದು ಬೇಡ, ನಾನೇ ಬರೆಯುತ್ತೇನೆ ಅಂತ ಮಗಳು ಹೇಳಿದ್ದಾಳೆ. ಆ ಪುಟವನ್ನು ಅಜ್ಜನಿಗೂ ತೋರಿಸಬಾರದಂತೆ. ಅಮ್ಮ ಒಪ್ಪಿದ್ದಾರೆ. ಅವಳಿಗೆ ಬೇರೆ ಪುಸ್ತಕ ತಂದಾಗಿದೆ, ಅಜ್ಜನಿಗೆ ಮೊದಲ ಸಾಲು ಮಾತ್ರ ಹಳೇ ರಿಜಿಸ್ಟರಿನಲ್ಲಿ ಸಿಗುತ್ತದೆ. ಎನ್‌ಐಓಎಸ್‌ಗೆ ಕನಿಷ್ಠ ಐದು ವಿಷಯ ಆರಿಸಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಚಿತ್ರಕಲೆ ತೆಗೆದುಕೊಳ್ಳುವ ಆಸೆ ಅವಳಿಗಿದೆ, ವಿಜ್ಞಾನ ಬಿಡಬೇಡ ಅಂತ ಅಪ್ಪನ ಒತ್ತಾಯ. ಬರುವ ಬೇಸಿಗೆಯಲ್ಲಿ ಎರಡೂ ವರ್ಷದ ಪುಸ್ತಕ ಎದುರಿಗೆ ಇಟ್ಟುಕೊಂಡು ಕೂತು ಅದನ್ನು ತೀರ್ಮಾನ ಮಾಡುವುದು ಅಂತಾಗಿದೆ.